ಫೈಲ್ ಪರಿವರ್ತನೆಯ ಫಲಿತಾಂಶಕ್ಕೊಂದು ಬಿಲ್ಡರ್: ನುಡಿಯಿಂದ ಯೂನಿಕೋಡ್‌ಗೆ ತರುವ ಕೋಡ್‌ನಲ್ಲಿ ಹಂತ ಹಂತವಾಗಿ

ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿಟ್ಟ ವರ್ಡ್ ಫೈಲುಗಳನ್ನು ಯೂನಿಕೋಡ್‌ಗೆ ತರುವ ಪ್ರೋಗ್ರಾಮ್ ಬರೆಯಲು ಕೂತವರು ಅಕ್ಷರ ಬದಲಿಸುವ ಭಾಗಕ್ಕೆ ತುಂಬ ತಲೆ ಕೆಡಿಸಿಕೊಳ್ಳುತ್ತಾರೆ. ಒತ್ತಕ್ಷರ ಎಲ್ಲಿ ಹೋಗಬೇಕು, ಅರ್ಕಾವತ್ತು ಎಲ್ಲಿಗೆ ಸರಿಯಬೇಕು ಎಂದು ದಿನಗಟ್ಟಲೆ ಯೋಚಿಸುತ್ತಾರೆ. ಕೆಲಸ ಮುಗಿದ ಮೇಲೆ ಆ ಪ್ರೋಗ್ರಾಮ್ ಏನು ಹೇಳಬೇಕು ಎಂಬುದನ್ನು ಮಾತ್ರ ಯಾರೂ ಯೋಚಿಸುವುದಿಲ್ಲ. ಕೊನೆಗೆ ಅದು ‘ನಿಜ’ ಅಥವಾ ‘ಸುಳ್ಳು’ ಎಂದು ಹಿಂದಿರುಗಿಸಿ ಸುಮ್ಮನಾಗುತ್ತದೆ.

ಈ ಕೆಲಸಕ್ಕೆ ಅಷ್ಟು ಉತ್ತರ ಸಾಲದು. ನಲವತ್ತು ಪುಟದ ಒಂದು ಸುತ್ತೋಲೆ ಪೂರ್ತಿ ಪರಿವರ್ತನೆಯಾಗಿ, ಅದರಲ್ಲಿ ಮೂರು ಪದ ಮಾತ್ರ ಅನುಮಾನಾಸ್ಪದವಾಗಿದ್ದರೆ ಅದು ‘ನಿಜ’ವೂ ಅಲ್ಲ, ‘ಸುಳ್ಳೂ’ ಅಲ್ಲ. ಆ ಮೂರು ಪದ ಎಲ್ಲಿವೆ ಎಂದು ಹೇಳಿದರೆ ಕಚೇರಿಯಲ್ಲಿ ಕೂತವರು ಐದು ನಿಮಿಷದಲ್ಲಿ ಸರಿಪಡಿಸುತ್ತಾರೆ. ಹೇಳದಿದ್ದರೆ ನಲವತ್ತು ಪುಟವನ್ನೂ ಓದಬೇಕು, ಇಲ್ಲವೇ ತಪ್ಪು ಹಾಗೇ ಉಳಿಯುತ್ತದೆ. ಹಾಗಾಗಿ ಫಲಿತಾಂಶವನ್ನು ಒಂದು ಸರಿಯಾದ ಆಬ್ಜೆಕ್ಟ್ ಆಗಿ ಮಾಡಬೇಕು, ಅದನ್ನು ಬಿಲ್ಡರ್ ಮೂಲಕ, ಅಂದರೆ ಮಾಹಿತಿಯನ್ನು ಬಂದಂತೆ ಸೇರಿಸಿಕೊಂಡು ಕೊನೆಗೆ ಆಬ್ಜೆಕ್ಟ್ ಮಾಡಿಕೊಡುವ ಇನ್ನೊಂದು ಕ್ಲಾಸ್ ಮೂಲಕ, ಕಟ್ಟಬೇಕು. ಹೇಗೆ ಎಂದು ಮುಂದೆ ನೋಡೋಣ.

ಇಲ್ಲಿನ ಕೋಡ್ ತುಣುಕುಗಳನ್ನು ಯಾವುದೇ ಒಂದು ಭಾಷೆಗೆ ಕಟ್ಟಿಹಾಕದೆ ಕನ್ನಡದ ಹೆಸರುಗಳಲ್ಲೇ ಬರೆದಿದ್ದೇನೆ. ಜಾವಾ, ಕಾಟ್ಲಿನ್, ಸಿ ಶಾರ್ಪ್, ಪೈಥಾನ್ ಯಾವುದರಲ್ಲಾದರೂ ಇದೇ ಆಕಾರ ಬರುತ್ತದೆ. ಜಾವಾ ಮತ್ತು ಪೈಥಾನ್ 3 ಕನ್ನಡ ಅಕ್ಷರಗಳ ಹೆಸರುಗಳನ್ನು ವೇರಿಯಬಲ್‌ಗಳಿಗೆ ಒಪ್ಪುತ್ತವೆ ಕೂಡ. ಕೀವರ್ಡ್‌ಗಳನ್ನು ಮಾತ್ರ ನಿಮ್ಮ ಭಾಷೆಯದ್ದು ಹಾಕಿಕೊಳ್ಳಿ.

ಹಂತ 1: ಪರಿವರ್ತನೆಯಲ್ಲಿ ಎಲ್ಲೆಲ್ಲಿ ಅನುಮಾನ ಹುಟ್ಟುತ್ತದೆ ಎಂದು ಗುರುತಿಸಿ

ಬಿಲ್ಡರ್ ಬರೆಯುವ ಮೊದಲು ಈ ಕೆಲಸಕ್ಕೆ ಹೆಚ್ಚು ಸಮಯ ಕೊಡಿ. ಕ್ಲಾಸ್‌ನಲ್ಲಿ ಯಾವ ಮೆಥಡ್‌ಗಳು ಬೇಕು ಎಂಬುದು ಇದರಿಂದಲೇ ತೀರ್ಮಾನವಾಗುತ್ತದೆ.

‘ಕರ್ನಾಟಕ’ ಎಂಬ ಪದವನ್ನೇ ತೆಗೆದುಕೊಳ್ಳಿ. ಹಳೆಯ ನುಡಿ ಫೈಲಿನಲ್ಲಿ ಅದು ಎಂಟು ಸಂಕೇತಗಳಾಗಿ ಕೂತಿರುತ್ತದೆ: 80, 192, 163, 193, 240, 108, 80, 192. ಮೊದಲ ಎರಡು ಸೇರಿ ‘ಕ’. ಅಂದರೆ ತಲೆಕಟ್ಟಿಲ್ಲದ ದೇಹ ಒಂದು, ತಲೆಕಟ್ಟು ಒಂದು. ಆಮೇಲಿನ ಎರಡು ‘ನಾ’. ಅದಾದ ಮೇಲೆ ಬರುವ 240 ಅರ್ಕಾವತ್ತು. 108 ಎಂದರೆ ‘ಟ’, ಕೊನೆಯ ಎರಡು ಮತ್ತೆ ‘ಕ’. ಕಾಗದದ ಮೇಲೆ ಎಡದಿಂದ ಬಲಕ್ಕೆ ಕಾಣುವ ಕ್ರಮದಲ್ಲೇ ಇವು ಬಂದಿವೆ. ಯೂನಿಕೋಡ್‌ನಲ್ಲಿ ಅದೇ ಪದ ಉಚ್ಚಾರದ ಕ್ರಮದಲ್ಲಿರುತ್ತದೆ: ಕ, ರ, ಹಲಂತ, ನ, ಆ ಕಾರ, ಟ, ಕ. ಸಂಖ್ಯೆಯಲ್ಲಿ ಹೇಳಿದರೆ 3221, 3248, 3277, 3240, 3262, 3231, 3221. ಎಂಟು ಸಂಕೇತ ಏಳಾದವು. ಯುಟಿಎಫ್ 8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕಾದ್ದರಿಂದ ಸಾದಾ ಪಠ್ಯದ ಫೈಲಿನಲ್ಲಿ ಎಂಟು ಬೈಟ್ ಇದ್ದದ್ದು ಇಪ್ಪತ್ತೊಂದಾಯಿತು. ಫೈಲಿನ ಗಾತ್ರ ನೋಡಿ ಪರಿವರ್ತನೆ ಸರಿಯಾಯಿತೇ ಎಂದು ಹೇಳಲು ಆಗುವುದಿಲ್ಲ ಎಂಬುದು ಇಲ್ಲೇ ಗೊತ್ತಾಗುತ್ತದೆ.

ಈ ಒಂದು ಪದದಲ್ಲೇ ಅನುಮಾನಕ್ಕೆ ಎರಡು ಜಾಗಗಳಿವೆ. ಮೊದಲನೆಯದು 240. ಅರ್ಕಾವತ್ತು ಸಿಕ್ಕ ಕೂಡಲೇ ಹಿಂದಿನ ಅಕ್ಷರವನ್ನು ಹುಡುಕಿ, ಅದಕ್ಕಿಂತ ಮುಂಚೆ ರ ಮತ್ತು ಹಲಂತ ಇಡಬೇಕು. ಹಿಂದೆ ಅಕ್ಷರವೇ ಇಲ್ಲದಿದ್ದರೆ? ವರ್ಡ್‌ನ ಡಾಕ್ಸ್ ಫೈಲ್ ಎಂದರೆ ಒಳಗೆ ಎಕ್ಸ್‌ಎಂಎಲ್ ತುಂಬಿದ ಜಿಪ್ ಫೈಲ್. ಅದರಲ್ಲಿ ಪಠ್ಯ ‘ರನ್’ ಎಂಬ ತುಂಡುಗಳಲ್ಲಿರುತ್ತದೆ. ಯಾರೋ ಮಧ್ಯೆ ತಿದ್ದಿದರೆ ಒಂದೇ ಪದ ಎರಡು ರನ್‌ಗಳಿಗೆ ಒಡೆದುಹೋಗುವುದು ತೀರ ಸಾಮಾನ್ಯ. ಆಗ ಎರಡನೆಯ ರನ್ ಅರ್ಕಾವತ್ತಿನಿಂದಲೇ ಶುರುವಾಗುತ್ತದೆ. ಪಕ್ಕಪಕ್ಕದ ಒಂದೇ ಫಾಂಟ್‌ನ ರನ್‌ಗಳನ್ನು ಸೇರಿಸಿ ಪರಿವರ್ತಿಸಿದರೆ ಬಹುಪಾಲು ಪರಿಹಾರವಾಗುತ್ತದೆ. ಆದರೂ ಉಳಿದದ್ದನ್ನು ಫಲಿತಾಂಶದಲ್ಲಿ ಹೇಳಲೇಬೇಕು.

ಎರಡನೆಯದು 80. ನುಡಿ ಫಾಂಟ್‌ನಲ್ಲಿ ಅದು ‘ಕ’ದ ದೇಹ, ಇಂಗ್ಲಿಷ್ ಫಾಂಟ್‌ನಲ್ಲಿ ದೊಡ್ಡಕ್ಷರ ‘ಪಿ’. ಎರಡರ ನಡುವೆ ವ್ಯತ್ಯಾಸ ಹೇಳುವುದು ಆ ರನ್‌ಗೆ ಅಂಟಿರುವ ಫಾಂಟ್ ಹೆಸರೊಂದೇ. ಅದೇ ಪಠ್ಯವನ್ನು ಯಾರಾದರೂ ನೋಟ್‌ಪ್ಯಾಡ್‌ನಲ್ಲಿ ಸಾದಾ ಪಠ್ಯವಾಗಿ ಉಳಿಸಿದ್ದರೆ ಆ ಸುಳಿವೂ ಹೋಯಿತು. ಅಂಥ ಫೈಲಿನಲ್ಲಿ ಇಂಗ್ಲಿಷ್ ಪದವೊಂದು ಅರ್ಥವಿಲ್ಲದ ಕನ್ನಡವಾಗಿ ಬದಲಾಗಬಹುದು. ಯಾವ ಎಕ್ಸೆಪ್ಷನ್ನೂ ಏಳುವುದಿಲ್ಲ, ಪ್ರೋಗ್ರಾಮ್ ನಗುನಗುತ್ತ ‘ನಿಜ’ ಎನ್ನುತ್ತದೆ.

ಮೂರನೆಯದೂ ಒಂದಿದೆ. ‘ರ‍್ಯಾಂಕ್’ ಪದದಲ್ಲಿ ಪೂರ್ತಿ ರ ಬರೆದು ಕೆಳಗೆ ಯ ಒತ್ತು ಕೊಡಬೇಕಾದರೆ ಯೂನಿಕೋಡ್‌ನಲ್ಲಿ ರ ಆದಮೇಲೆ 8205ನೆಯ ಅದೃಶ್ಯ ಸಂಕೇತ ಇಟ್ಟು, ಆಮೇಲೆ ಹಲಂತ, ಯ ಬರೆಯಬೇಕು. ಅದನ್ನು ಬಿಟ್ಟರೆ ಅದು ‘ರ್ಯಾಂಕ್’ ಆಗಿ ಅರ್ಕಾವತ್ತು ಬಂದು ಕೂರುತ್ತದೆ. ಎರಡೂ ಸಿಂಧುವಾದ ಯೂನಿಕೋಡ್. ಆದರೆ ಒಂದನ್ನು ಹುಡುಕಿದರೆ ಇನ್ನೊಂದು ಸಿಗದೇ ಹೋಗಬಹುದು. ಇದು ತಪ್ಪಲ್ಲ, ಮಾಹಿತಿ. ಫಲಿತಾಂಶದಲ್ಲಿ ಅದಕ್ಕೆ ಬೇರೆಯ ದರ್ಜೆ ಕೊಡಬೇಕು.

ಇವುಗಳ ಜೊತೆಗೆ ನುಡಿಯ ಯಾವ ಸಂಕೇತಕ್ಕೆ ಯೂನಿಕೋಡ್‌ನ ಯಾವುದು ಎಂದು ಹೇಳುವ ಕೋಷ್ಟಕದಲ್ಲೇ ಇಲ್ಲದ ಸಂಕೇತ, ಈಗಾಗಲೇ ಯೂನಿಕೋಡ್‌ನಲ್ಲಿರುವ ಫೈಲ್, ತೆರೆಯಲಾಗದ ಫೈಲ್, ಪಾಸ್‌ವರ್ಡ್ ಹಾಕಿದ ಫೈಲ್ ಸೇರಿಸಿ. ಪಟ್ಟಿ ಸಿದ್ಧವಾಯಿತು.

ಹಂತ 2: ಫಲಿತಾಂಶವನ್ನು ಯಾರು ಓದುತ್ತಾರೆ ಎಂದು ಕೇಳಿಕೊಳ್ಳಿ

ಮೂರು ಬಗೆಯ ಓದುಗರಿದ್ದಾರೆ. ಫೈಲಿನ ಮಾಲೀಕರಿಗೆ ‘ಎಷ್ಟನೆಯ ಪ್ಯಾರಾದಲ್ಲಿ ಏನು ನೋಡಬೇಕು’ ಎಂಬುದು ಬೇಕು. ನೂರಾರು ಫೈಲುಗಳನ್ನು ಒಟ್ಟಿಗೆ ಓಡಿಸುವವರಿಗೆ ‘ಎಷ್ಟು ಆದವು, ಎಷ್ಟು ಉಳಿದವು’ ಬೇಕು. ಕೋಡ್ ಬರೆದ ನಿಮಗೆ ‘ಯಾವ ಸಂಕೇತ ಕೋಷ್ಟಕದಲ್ಲಿ ಇರಲಿಲ್ಲ’ ಬೇಕು. ಈ ಮೂವರನ್ನು ಮನಸ್ಸಿನಲ್ಲಿಟ್ಟು ಫಲಿತಾಂಶದ ಒಳಗೆ ಇಷ್ಟನ್ನು ಇಡಿ: ಮೂಲ ಫೈಲಿನ ದಾರಿ, ಅದರ ಬೆರಳಚ್ಚು (ಅಂದರೆ ಫೈಲಿನ ಒಳಗಿರುವುದರಿಂದ ಲೆಕ್ಕಹಾಕಿದ ಗುರುತು, ಎಸ್‌ಎಚ್‌ಎ 256 ಸಾಕು), ಹೊಸ ಫೈಲಿನ ದಾರಿ, ಸ್ಥಿತಿ, ಟಿಪ್ಪಣಿಗಳು, ಪರಿವರ್ತಿತ ಅಕ್ಷರಗಳ ಎಣಿಕೆ, ಹಿಡಿದ ಸಮಯ, ವಿಫಲವಾಗಿದ್ದರೆ ಕಾರಣ.

ಬೆರಳಚ್ಚು ಯಾಕೆ ಎಂದರೆ, ಮೂಲ ಫೈಲನ್ನು ಯಾರಾದರೂ ಆಮೇಲೆ ತಿದ್ದಿದರೆ ಹಳೆಯ ವರದಿ ಅದಕ್ಕೆ ಅನ್ವಯಿಸುವುದಿಲ್ಲ. ಬೆರಳಚ್ಚು ಹೋಲಿಸಿದರೆ ಅದು ಕೂಡಲೇ ತಿಳಿಯುತ್ತದೆ.

ಸ್ಥಿತಿಗೆ ನಾಲ್ಕು ಬೆಲೆ ಸಾಕು: ಪೂರ್ಣ, ಪರಿಶೀಲಿಸಿ, ಬಿಟ್ಟದ್ದು, ವಿಫಲ. ‘ಬಿಟ್ಟದ್ದು’ ಎಂದರೆ ಈಗಾಗಲೇ ಯೂನಿಕೋಡ್‌ನಲ್ಲಿದೆ, ಮುಟ್ಟಲಿಲ್ಲ ಎಂದು. ಕನ್ನಡಕ್ಕೆ ಯೂನಿಕೋಡ್‌ನಲ್ಲಿ ಮೀಸಲಾದ ಜಾಗ 3200ರಿಂದ 3327ರವರೆಗೆ. ನುಡಿ ಫಾಂಟ್‌ನ ಒಂದೂ ರನ್ ಇಲ್ಲದೆ, ಪಠ್ಯದ ಸಂಕೇತಗಳು ಈ ವ್ಯಾಪ್ತಿಯಲ್ಲಿದ್ದರೆ ಆ ಫೈಲನ್ನು ಹಾಗೇ ಬಿಡಬಹುದು. ಅರ್ಧ ನುಡಿ, ಅರ್ಧ ಯೂನಿಕೋಡ್ ಇರುವ ಫೈಲುಗಳೂ ಇರುತ್ತವೆ. ಹಳೆಯ ಪತ್ರಕ್ಕೆ ಹೊಸ ಪ್ಯಾರಾ ಸೇರಿಸಿದಾಗ ಹೀಗಾಗುತ್ತದೆ. ಅವನ್ನು ಬಿಡಬೇಡಿ, ರನ್ ರನ್ ಆಗಿ ನೋಡಿ.

ಹಂತ 3: ಕನ್‌ಸ್ಟ್ರಕ್ಟರ್ ಮತ್ತು ಸೆಟ್ಟರ್‌ಗಳನ್ನು ಯಾಕೆ ಬಿಡಬೇಕು

ಇಷ್ಟನ್ನೂ ಒಂದೇ ಕನ್‌ಸ್ಟ್ರಕ್ಟರ್‌ಗೆ ಕೊಟ್ಟರೆ ಹೀಗಾಗುತ್ತದೆ:

```
ಹೊಸ ಫಲಿತಾಂಶ(ಮೂಲ, ಗುರಿ, ನಿಜ, ಖಾಲಿ, 4812, 3, ಸುಳ್ಳು, 740)
```

740 ಎಂದರೆ ಮಿಲಿಸೆಕೆಂಡೋ, ಅಕ್ಷರಗಳ ಎಣಿಕೆಯೋ? ಮೂಲ, ಗುರಿ ಎರಡೂ ಸ್ಟ್ರಿಂಗ್. ಅದಲುಬದಲಾದರೆ ಕಂಪೈಲರ್ ಏನೂ ಹೇಳುವುದಿಲ್ಲ. ಇನ್ನೂ ದೊಡ್ಡ ತೊಂದರೆ ಏನೆಂದರೆ ಈ ಎಲ್ಲ ಮಾಹಿತಿ ಒಂದೇ ಹೊತ್ತಿಗೆ ನಿಮ್ಮ ಕೈಗೆ ಬರುವುದಿಲ್ಲ. ಮೂಲದ ದಾರಿ ಮೊದಲೇ ಗೊತ್ತು. ಟಿಪ್ಪಣಿಗಳು ಲೂಪ್‌ನ ಒಳಗೆ ಒಂದೊಂದಾಗಿ ಹುಟ್ಟುತ್ತವೆ. ಗುರಿ ಕೊನೆಗೆ ಸಿಗುತ್ತದೆ. ಕನ್‌ಸ್ಟ್ರಕ್ಟರ್ ಕರೆಯುವ ತನಕ ಎಲ್ಲವನ್ನೂ ಹತ್ತು ಬಿಡಿ ವೇರಿಯಬಲ್‌ಗಳಲ್ಲಿ ಹೊತ್ತು ತಿರುಗಬೇಕಾಗುತ್ತದೆ.

ಹಾಗಾದರೆ ಸೆಟ್ಟರ್‌ಗಳು? ಖಾಲಿ ಫಲಿತಾಂಶ ಮಾಡಿ ಒಂದೊಂದೇ ತುಂಬಬಹುದು, ಸರಿ. ಆದರೆ ಅರ್ಧ ತುಂಬಿದ ಫಲಿತಾಂಶ ಕೂಡ ಅದೇ ಟೈಪ್‌ನ ಆಬ್ಜೆಕ್ಟ್. ಅದು ವರದಿ ಬರೆಯುವ ಕೋಡ್‌ಗೆ ತಲುಪಿದರೆ ತಡೆಯುವವರಿಲ್ಲ. ‘ಪೂರ್ಣ’ ಎಂದು ಗುರುತು ಹಾಕಿ ಗುರಿ ಫೈಲ್ ಇಲ್ಲದ ಫಲಿತಾಂಶ, ‘ವಿಫಲ’ ಎಂದಿದ್ದೂ ಗುರಿ ಇರುವ ಫಲಿತಾಂಶ, ಎರಡಕ್ಕೂ ಬಾಗಿಲು ತೆರೆದಂತಾಯಿತು.

ಬಿಲ್ಡರ್‌ನಲ್ಲಿ ‘ಇನ್ನೂ ಕಟ್ಟುತ್ತಿರುವುದು’ ಮತ್ತು ‘ಕಟ್ಟಿ ಮುಗಿದದ್ದು’ ಎರಡು ಬೇರೆ ಟೈಪ್‌ಗಳು. ಕಟ್ಟಿ ಮುಗಿದದ್ದನ್ನು ಯಾರೂ ಬದಲಿಸಲಾಗದು. ಜಾವಾದ ಸ್ಟ್ರಿಂಗ್‌ಬಿಲ್ಡರ್ ಬಳಸಿದವರಿಗೆ ಈ ಜೋಡಿ ಪರಿಚಿತವೇ. ಪರಿವರ್ತನೆಗೂ ಬಿಲ್ಡರ್‌ಗೂ ನಂಟು ಹಳೆಯದು. 1994ರಲ್ಲಿ ಬಂದ ‘ಡಿಸೈನ್ ಪ್ಯಾಟರ್ನ್ಸ್’ ಪುಸ್ತಕದ ನಾಲ್ವರು ಲೇಖಕರು ಬಿಲ್ಡರ್‌ಗೆ ಕೊಟ್ಟ ಉದಾಹರಣೆಯೇ ಆರ್‌ಟಿಎಫ್ ಫೈಲನ್ನು ಸಾದಾ ಪಠ್ಯ, ಟೆಕ್ ಮುಂತಾದ ರೂಪಗಳಿಗೆ ಬದಲಿಸುವ ಪ್ರೋಗ್ರಾಮ್. ಅಲ್ಲಿ ಬಿಲ್ಡರ್ ಕಟ್ಟಿದ್ದು ಹೊಸ ರೂಪದ ಪಠ್ಯವನ್ನು. ನಾವು ಇಲ್ಲಿ ಅದರ ಜೊತೆಗೆ ಬರುವ ಫಲಿತಾಂಶವನ್ನು ಕಟ್ಟುತ್ತಿದ್ದೇವೆ.

ಹಂತ 4: ಬಿಲ್ಡರ್ ಬರೆಯಿರಿ

ಇಲ್ಲದೆ ಆಗುವುದೇ ಇಲ್ಲ ಎಂಬುದನ್ನು ಶುರುವಿನಲ್ಲೇ ಕೇಳಿ. ಉಳಿದದ್ದು ಬಂದಂತೆ ಸೇರಲಿ.

```
ಕ್ಲಾಸ್ ಫಲಿತಾಂಶ_ಬಿಲ್ಡರ್(ಮೂಲ, ಬೆರಳಚ್ಚು):
    ಗುರಿ = ಖಾಲಿ
    ದೋಷ = ಖಾಲಿ
    ಬಿಟ್ಟ_ಕಾರಣ = ಖಾಲಿ
    ಈಗಿನ_ಪ್ಯಾರಾ = 0
    ಅಕ್ಷರಗಳು = 0
    ಟಿಪ್ಪಣಿಗಳು = {}
    ಮುಗಿಯಿತು = ಸುಳ್ಳು

    ಪ್ಯಾರಾ(ಸಂಖ್ಯೆ):      ಈಗಿನ_ಪ್ಯಾರಾ = ಸಂಖ್ಯೆ
    ಪರಿವರ್ತಿತ(ಎಷ್ಟು):    ಅಕ್ಷರಗಳು += ಎಷ್ಟು
    ಗುರಿ_ಇಡು(ದಾರಿ):      ಗುರಿ = ದಾರಿ
    ಬಿಡು(ಕಾರಣ):          ಬಿಟ್ಟ_ಕಾರಣ = ಕಾರಣ
    ದೋಷ_ಇಡು(ಕಾರಣ):     ದೋಷ = ಕಾರಣ

    ಟಿಪ್ಪಣಿ(ಬಗೆ, ಸಂಕೇತ):
        ಗುಂಪು = ಟಿಪ್ಪಣಿಗಳು[(ಬಗೆ, ಸಂಕೇತ)]   // ಇಲ್ಲದಿದ್ದರೆ ಹೊಸದು
        ಗುಂಪು.ಎಣಿಕೆ += 1
        ಗುಂಪು.ಜಾಗಗಳು 5ಕ್ಕಿಂತ ಕಡಿಮೆ ಇದ್ದರೆ:
            ಗುಂಪು.ಜಾಗಗಳು.ಸೇರಿಸು(ಈಗಿನ_ಪ್ಯಾರಾ)
```

‘ಸ್ಥಿತಿ_ಇಡು’ ಎಂಬ ಮೆಥಡ್ ಇಲ್ಲಿ ಬೇಕೆಂದೇ ಇಲ್ಲ. ಈ ಲೇಖನದಿಂದ ಒಂದೇ ಒಂದನ್ನು ನಿಮ್ಮ ಕೋಡ್‌ಗೆ ಒಯ್ಯುವುದಾದರೆ ಇದನ್ನೇ ಒಯ್ಯಿರಿ. ಸ್ಥಿತಿಯನ್ನು ಹೊರಗಿನವರು ಹೇಳಬಾರದು, ಸೇರಿದ ಸಂಗತಿಗಳಿಂದ ಬಿಲ್ಡರ್ ತಾನೇ ತೀರ್ಮಾನಿಸಬೇಕು. ‘ಪೂರ್ಣ ಎಂದು ಗುರುತು ಹಾಕು’ ಎಂಬ ಸಾಲು ಕನ್ವರ್ಟರ್‌ನಲ್ಲಿ ಎಲ್ಲೇ ಇದ್ದರೂ, ಇವತ್ತಲ್ಲ ನಾಳೆ ಆ ಸಾಲಿನ ನಂತರ ಯಾರೋ ಇನ್ನೊಂದು ಪರೀಕ್ಷೆ ಸೇರಿಸುತ್ತಾರೆ, ಗುರುತು ಹಳತಾಗುತ್ತದೆ.

ಟಿಪ್ಪಣಿಗಳನ್ನು ಗುಂಪು ಮಾಡಿದ್ದು ಕೂಡ ಅನುಭವದ ಮಾತು. ಕೋಷ್ಟಕದಲ್ಲಿ ಒಂದು ಸಂಕೇತ ಬಿಟ್ಟುಹೋಗಿದ್ದರೆ ಅದು ದೊಡ್ಡ ಫೈಲಿನಲ್ಲಿ ಸಾವಿರಾರು ಸಲ ಬರುತ್ತದೆ. ಅಷ್ಟೂ ಸಾಲು ವರದಿಯಲ್ಲಿ ಬಿದ್ದರೆ ಓದುವವರು ಮೊದಲ ಪುಟದಲ್ಲೇ ಕೈಬಿಡುತ್ತಾರೆ, ಅದರ ಮಧ್ಯೆ ಇರುವ ಒಂದೇ ಒಂದು ಅನಾಥ ಅರ್ಕಾವತ್ತು ಯಾರ ಕಣ್ಣಿಗೂ ಬೀಳುವುದಿಲ್ಲ. ಎಣಿಕೆ ಒಂದು, ಮೊದಲ ಐದು ಜಾಗ, ಇಷ್ಟು ಸಾಕು.

‘ಪ್ಯಾರಾ’ ಮೆಥಡ್‌ನ ಉಪಯೋಗ ನೋಡಿ. ಕನ್ವರ್ಟರ್‌ನ ಆಳದಲ್ಲಿ ಅಕ್ಷರ ಬದಲಿಸುವ ಫಂಕ್ಷನ್‌ಗೆ ತಾನು ಎಷ್ಟನೆಯ ಪ್ಯಾರಾದಲ್ಲಿದ್ದೇನೆ ಎಂಬುದು ಗೊತ್ತಿರಬೇಕಿಲ್ಲ. ಹೊರಗಿನ ಲೂಪ್ ಬಿಲ್ಡರ್‌ಗೆ ಒಮ್ಮೆ ಹೇಳುತ್ತದೆ, ಒಳಗಿನಿಂದ ಬರುವ ಪ್ರತಿ ಟಿಪ್ಪಣಿಗೂ ಜಾಗ ತಾನಾಗಿ ಅಂಟಿಕೊಳ್ಳುತ್ತದೆ.

ಟಿಪ್ಪಣಿಯ ಜೊತೆ ಮೂಲ ಪಠ್ಯದ ತುಣುಕು ಇಡಬೇಕೆ? ಒಂದು ಪದದಷ್ಟು ಇಟ್ಟರೆ ಹುಡುಕಲು ಅನುಕೂಲ. ಪೂರ್ತಿ ವಾಕ್ಯ ಮಾತ್ರ ಬೇಡ. ಈ ಫೈಲುಗಳಲ್ಲಿ ಜನರ ಹೆಸರು, ವಿಳಾಸ, ಸರ್ವೆ ನಂಬರ್‌ಗಳಿರುತ್ತವೆ. ವರದಿ ಎಷ್ಟು ಕೈಗಳಿಗೆ ಹೋಗುತ್ತದೋ ಗೊತ್ತಿಲ್ಲ.

ಮೆಥಡ್‌ಗಳೆಲ್ಲ ಬಿಲ್ಡರನ್ನೇ ಹಿಂದಿರುಗಿಸಿ, ಚುಕ್ಕಿಯಿಂದ ಚುಕ್ಕಿಗೆ ಸರಪಳಿಯಾಗಿ ಬರೆಯುವ ರೂಢಿ ಇದೆ. ನೋಡಲು ಚೆಂದ. ಆದರೆ ಸರಪಳಿ ಚೆನ್ನಾಗಿ ಹೊಂದುವುದು ಎಲ್ಲ ಮಾಹಿತಿ ಒಂದೇ ಕಡೆ ಸಿದ್ಧವಾಗಿದ್ದಾಗ. ನಮ್ಮಲ್ಲಿ ಅದು ಲೂಪ್‌ಗಳಲ್ಲಿ ಹಂಚಿಹೋಗಿದೆ. ಟೆಸ್ಟ್‌ಗಳಲ್ಲಿ ಸರಪಳಿ ಬಳಸಿ, ಕನ್ವರ್ಟರ್‌ನಲ್ಲಿ ಬಿಡಿ ಸಾಲುಗಳೇ ಇರಲಿ.

ಹಂತ 5: ‘ಕಟ್ಟು’ ಮೆಥಡ್‌ನಲ್ಲಿ ನಿಯಮಗಳನ್ನು ಇಡಿ

```
ಕಟ್ಟು(ಸಮಯ):
    ಮುಗಿಯಿತು ನಿಜವಾಗಿದ್ದರೆ:
        ಎಸೆ ನಿಯಮಭಂಗ("ಒಂದು ಬಿಲ್ಡರ್, ಒಂದೇ ಫಲಿತಾಂಶ")
    ದೋಷವೂ ಗುರಿಯೂ ಇದ್ದರೆ:
        ಎಸೆ ನಿಯಮಭಂಗ("ವಿಫಲವಾದ ಫೈಲಿಗೆ ಗುರಿ ಇರಕೂಡದು")
    ಬಿಟ್ಟ_ಕಾರಣವೂ ಗುರಿಯೂ ಇದ್ದರೆ:
        ಎಸೆ ನಿಯಮಭಂಗ("ಬಿಟ್ಟ ಫೈಲಿಗೆ ಗುರಿ ಇರಕೂಡದು")
    ದೋಷ, ಬಿಟ್ಟ_ಕಾರಣ, ಗುರಿ ಮೂರೂ ಖಾಲಿ ಇದ್ದರೆ:
        ಎಸೆ ನಿಯಮಭಂಗ("ಫೈಲಿಗೆ ಏನಾಯಿತೆಂದು ಯಾರೂ ಹೇಳಿಲ್ಲ")

    ದೋಷ ಇದ್ದರೆ                     ಸ್ಥಿತಿ = ವಿಫಲ
    ಇಲ್ಲವೇ ಬಿಟ್ಟ_ಕಾರಣ ಇದ್ದರೆ          ಸ್ಥಿತಿ = ಬಿಟ್ಟದ್ದು
    ಇಲ್ಲವೇ ಅನುಮಾನದ ಟಿಪ್ಪಣಿ ಇದ್ದರೆ     ಸ್ಥಿತಿ = ಪರಿಶೀಲಿಸಿ
    ಇಲ್ಲದಿದ್ದರೆ                      ಸ್ಥಿತಿ = ಪೂರ್ಣ

    ಮುಗಿಯಿತು = ನಿಜ
    ಹಿಂದಿರುಗಿಸು ಫಲಿತಾಂಶ(..., ಟಿಪ್ಪಣಿಗಳ_ನಕಲು, ಸ್ಥಿತಿ, ಸಮಯ)
```

ಇಲ್ಲಿ ಎರಡು ಬಗೆಯ ಕೆಡುಕನ್ನು ಬೇರೆಬೇರೆ ನೋಡಿದ್ದೇವೆ. ಹಾಳಾದ ಜಿಪ್, ತೆರೆಯಲಾಗದ ಫೈಲ್, ಇವು ಪ್ರಪಂಚದಲ್ಲಿ ನಡೆಯುವ ಸಂಗತಿಗಳು. ಅವು ಫಲಿತಾಂಶದ ಭಾಗ. ‘ವಿಫಲ’ ಎಂಬುದು ಕೂಡ ಸರಿಯಾಗಿ ಕಟ್ಟಿದ ಫಲಿತಾಂಶವೇ. ಗುರಿಯೂ ದೋಷವೂ ಒಟ್ಟಿಗೆ ಬಂದರೆ ಅದು ಕನ್ವರ್ಟರ್ ಬರೆದವರ ತಪ್ಪು. ಅದಕ್ಕೆ ನಿಯಮಭಂಗದ ಎಕ್ಸೆಪ್ಷನ್. ಅದನ್ನು ಹಿಡಿದು ನುಂಗಬೇಡಿ. ಓಟ ನಿಲ್ಲುವುದಾದರೆ ನಿಲ್ಲಲಿ, ಅಲ್ಲಿಂದ ಮುಂದಿನ ವರದಿಯನ್ನು ನಂಬಲು ಆಗುವುದಿಲ್ಲ ಎಂಬುದು ನನ್ನ ನಿಲುವು.

ನಾಲ್ಕನೆಯ ನಿಯಮ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಯಾವುದೋ ಕವಲಿನಲ್ಲಿ ‘ಹಿಂದಿರುಗಿಸು’ ಎಂದು ಬೇಗ ಹೊರಬಿದ್ದು, ಬಿಲ್ಡರ್‌ಗೆ ಏನೂ ಹೇಳದೆ ಹೋದ ಕೋಡನ್ನು ಅದು ಮೊದಲ ಟೆಸ್ಟ್‌ನಲ್ಲೇ ಹಿಡಿಯುತ್ತದೆ.

ಟಿಪ್ಪಣಿಗಳ ನಕಲು ಕೊಡಿ, ಬಿಲ್ಡರ್‌ನ ಒಳಗಿನ ಪಟ್ಟಿಯನ್ನೇ ಕೊಡಬೇಡಿ. ಕೊಟ್ಟರೆ ಬಿಲ್ಡರ್ ಹಿಡಿದವರು ಆಮೇಲೂ ಫಲಿತಾಂಶದ ಒಳಗೆ ಕೈ ಹಾಕಬಹುದು. ಹೊರಗಿನ ಪಟ್ಟಿ ಬದಲಾಗದಂತೆ ಜಾವಾ 10ರಿಂದ ಬಂದ ಲಿಸ್ಟ್‌ನ ಕಾಪಿಆಫ್, ಪೈಥಾನ್‌ನಲ್ಲಿ ಟ್ಯೂಪಲ್ ಇದಕ್ಕೆ ನೇರ ದಾರಿ. ಒಳಗಿನ ಗುಂಪುಗಳನ್ನೂ ಬದಲಾಗದ ಟಿಪ್ಪಣಿಗಳಾಗಿ ಮಾಡಿಯೇ ಸೇರಿಸಿ. ಬರಿಯ ಮೇಲಿನ ಪಟ್ಟಿ ನಕಲಾದರೆ ಒಳಗಿನ ಎಣಿಕೆ ಬದಲಾಗುವ ಸಾಧ್ಯತೆ ಉಳಿಯುತ್ತದೆ.

ಹಂತ 6: ಅಕ್ಷರ ಬದಲಿಸುವ ಫಂಕ್ಷನ್‌ಗೆ ಪೂರ್ತಿ ಬಿಲ್ಡರ್ ಕೊಡಬೇಡಿ

ಅದಕ್ಕೆ ಬೇಕಾದದ್ದು ಎರಡೇ: ‘ಪರಿವರ್ತಿತ’, ‘ಟಿಪ್ಪಣಿ’. ಈ ಎರಡೇ ಮೆಥಡ್ ಇರುವ ಒಂದು ಇಂಟರ್‌ಫೇಸ್ ಮಾಡಿ, ‘ವರದಿಗಾರ’ ಎಂದು ಹೆಸರಿಡಿ. ಬಿಲ್ಡರ್ ಅದನ್ನು ಪಾಲಿಸಲಿ.

```
ಪದ_ಬದಲಿಸು(ಸಂಕೇತಗಳು, ವರದಿಗಾರ):
    ...
    ಸಂಕೇತ 240 ಆಗಿದ್ದು, ಹಿಂದೆ ಅಕ್ಷರ ಇಲ್ಲದಿದ್ದರೆ:
        ವರದಿಗಾರ.ಟಿಪ್ಪಣಿ(ಅನಾಥ_ಅರ್ಕಾವತ್ತು, 240)
```

ಹೀಗೆ ಮಾಡಿದರೆ ಆಳದಲ್ಲಿರುವ ಫಂಕ್ಷನ್ ಅಪ್ಪಿತಪ್ಪಿ ಗುರಿ ಇಡುವುದಾಗಲಿ, ದೋಷ ಹಾಕುವುದಾಗಲಿ ಸಾಧ್ಯವಿಲ್ಲ. ಅಕ್ಷರ ಕೋಷ್ಟಕವನ್ನು ಪರೀಕ್ಷಿಸುವಾಗ ಫೈಲ್, ಬೆರಳಚ್ಚು ಯಾವುದೂ ಬೇಕಾಗುವುದಿಲ್ಲ, ಪಟ್ಟಿಗೆ ಸೇರಿಸುವ ಒಂದು ಪುಟ್ಟ ವರದಿಗಾರ ಸಾಕು.

ಹಂತ 7: ಡಿಸ್ಕ್‌ಗೆ ಬರೆಯುವ ಕ್ರಮ ತಪ್ಪಿಸಬೇಡಿ

ಬಿಲ್ಡರ್‌ಗೆ ‘ಗುರಿ ಇಗೋ’ ಎಂದು ಹೇಳುವ ಹೊತ್ತಿಗೆ ಆ ಫೈಲ್ ನಿಜವಾಗಿ ಅಲ್ಲಿರಬೇಕು, ಪೂರ್ತಿ ಇರಬೇಕು. ಅದಕ್ಕೆ ಕ್ರಮ ಹೀಗೆ: ಗುರಿಯ ಫೋಲ್ಡರ್‌ನಲ್ಲೇ ತಾತ್ಕಾಲಿಕ ಹೆಸರಿನಲ್ಲಿ ಬರೆಯಿರಿ, ಮುಚ್ಚಿ, ಒಮ್ಮೆ ತೆರೆದು ಓದಿ ನೋಡಿ, ಆಮೇಲೆ ಹೆಸರು ಬದಲಿಸಿ, ಆಮೇಲೆ ಬಿಲ್ಡರ್‌ಗೆ ಹೇಳಿ.

```
ಬಿಲ್ಡರ್ = ಫಲಿತಾಂಶ_ಬಿಲ್ಡರ್(ಮೂಲ, ಬೆರಳಚ್ಚು)
ಪ್ರಯತ್ನಿಸು:
    ಈಗಾಗಲೇ ಯೂನಿಕೋಡ್ ಆಗಿದ್ದರೆ:
        ಬಿಲ್ಡರ್.ಬಿಡು("ನುಡಿ ಫಾಂಟ್‌ನ ಪಠ್ಯ ಸಿಗಲಿಲ್ಲ")
    ಇಲ್ಲದಿದ್ದರೆ:
        ಪ್ಯಾರಾಗಳನ್ನು_ಬದಲಿಸು(ಮೂಲ, ತಾತ್ಕಾಲಿಕ, ಬಿಲ್ಡರ್)
        ತೆರೆದು_ನೋಡು(ತಾತ್ಕಾಲಿಕ)
        ಹೆಸರು_ಬದಲಿಸು(ತಾತ್ಕಾಲಿಕ, ಗುರಿ)
        ಬಿಲ್ಡರ್.ಗುರಿ_ಇಡು(ಗುರಿ)
ಫೈಲ್_ದೋಷ ಬಂದರೆ:
    ಇದ್ದರೆ_ಅಳಿಸು(ತಾತ್ಕಾಲಿಕ)
    ಬಿಲ್ಡರ್.ದೋಷ_ಇಡು(ದೋಷದ_ಕಾರಣ)
ಹಿಂದಿರುಗಿಸು ಬಿಲ್ಡರ್.ಕಟ್ಟು(ಗಡಿಯಾರ.ಕಳೆದದ್ದು)
```

ತಾತ್ಕಾಲಿಕ ಫೈಲ್ ಅದೇ ಫೋಲ್ಡರ್‌ನಲ್ಲಿ ಯಾಕಿರಬೇಕು ಎಂದರೆ, ಬೇರೆ ಡ್ರೈವ್‌ಗೆ ಸರಿಸುವುದು ಹೆಸರು ಬದಲಾವಣೆ ಆಗುವುದಿಲ್ಲ, ನಕಲು ಆಗುತ್ತದೆ. ನಕಲಿನ ಮಧ್ಯೆ ಕರೆಂಟ್ ಹೋದರೆ ಗುರಿಯ ಹೆಸರಿನಲ್ಲಿ ಅರ್ಧ ಫೈಲ್ ಉಳಿದುಬಿಡುತ್ತದೆ. ಪೈಥಾನ್‌ನ ಓಎಸ್ ಮಾಡ್ಯೂಲ್‌ನಲ್ಲಿ ರಿಪ್ಲೇಸ್ ಇದೆ, ಜಾವಾದ ಫೈಲ್ಸ್ ಕ್ಲಾಸ್‌ನ ಮೂವ್‌ಗೆ ಅಟಾಮಿಕ್ ಆಯ್ಕೆ ಇದೆ. ಮೂಲ ಫೈಲಿನ ಮೇಲೆಯೇ ಎಂದೂ ಬರೆಯಬೇಡಿ. ಕೋಷ್ಟಕದಲ್ಲಿ ಒಂದು ತಪ್ಪು ಆರು ತಿಂಗಳ ನಂತರ ಸಿಕ್ಕರೆ ಮತ್ತೆ ಓಡಿಸಲು ಮೂಲ ಬೇಕೇ ಬೇಕು.

‘ಫೈಲ್_ದೋಷ’ ಎಂದು ನಿರ್ದಿಷ್ಟವಾಗಿ ಹಿಡಿದದ್ದನ್ನೂ ಗಮನಿಸಿ. ಎಲ್ಲ ಎಕ್ಸೆಪ್ಷನ್‌ಗಳನ್ನೂ ಇಲ್ಲಿ ಹಿಡಿದರೆ ನಿಮ್ಮ ಕೋಡ್‌ನ ತಪ್ಪುಗಳೂ ‘ಫೈಲ್ ಹಾಳಾಗಿದೆ’ ಎಂಬ ವೇಷದಲ್ಲಿ ವರದಿ ಸೇರುತ್ತವೆ. ‘ಕಟ್ಟು’ ಕರೆಯನ್ನು ಪ್ರಯತ್ನದ ಹೊರಗೆ ಇಟ್ಟದ್ದೂ ಅದಕ್ಕೇ.

ಹಂತ 8: ಫೋಲ್ಡರ್ ಪೂರ್ತಿ ಓಡಿಸುವಾಗ

ಒಂದು ಫೈಲಿಗೆ ಒಂದು ಬಿಲ್ಡರ್. ಹಲವು ಥ್ರೆಡ್‌ಗಳಲ್ಲಿ ಓಡಿಸಿದರೂ ಬಿಲ್ಡರನ್ನು ಹಂಚಿಕೊಳ್ಳದಿದ್ದರೆ ಲಾಕ್ ಬೇಕಾಗುವುದಿಲ್ಲ. ಪ್ರತಿ ಥ್ರೆಡ್ ಕಟ್ಟಿ ಮುಗಿದ, ಬದಲಾಗದ ಫಲಿತಾಂಶವನ್ನು ಹಿಂದಿರುಗಿಸಲಿ. ಮುಖ್ಯ ಥ್ರೆಡ್ ಅವನ್ನು ಇನ್ನೊಂದು ಬಿಲ್ಡರ್‌ಗೆ, ಅಂದರೆ ಇಡೀ ಓಟದ ವರದಿಯ ಬಿಲ್ಡರ್‌ಗೆ ಸೇರಿಸಲಿ. ಆ ಬಿಲ್ಡರ್‌ಗೂ ಒಂದು ನಿಯಮ ಕೊಡಿ: ಶುರುವಿನಲ್ಲಿ ಎಣಿಸಿದ ಫೈಲುಗಳ ಸಂಖ್ಯೆಯೂ ಬಂದ ಫಲಿತಾಂಶಗಳ ಸಂಖ್ಯೆಯೂ ಹೊಂದದಿದ್ದರೆ ‘ಕಟ್ಟು’ ಒಪ್ಪಬಾರದು.

ಓಟದ ವರದಿಯಲ್ಲಿ ಕೋಷ್ಟಕದಲ್ಲಿಲ್ಲದ ಸಂಕೇತಗಳನ್ನು ಎಲ್ಲ ಫೈಲುಗಳಿಂದ ಒಟ್ಟುಗೂಡಿಸಿ, ಎಣಿಕೆಯ ಇಳಿಕೆಯ ಕ್ರಮದಲ್ಲಿಡಿ. ಮುಂದಿನ ಸಲ ಕೋಷ್ಟಕಕ್ಕೆ ಏನು ಸೇರಿಸಬೇಕು ಎಂಬುದು ಅದರ ಮೊದಲ ಕೆಲವು ಸಾಲುಗಳಲ್ಲೇ ಸಿಗುತ್ತದೆ.

ವರದಿಯನ್ನು ಸಿಎಸ್‌ವಿ ಆಗಿ ಕೊಡುವುದಾದರೆ ಒಂದು ಸಣ್ಣ ವಿಷಯ. ಎಕ್ಸೆಲ್‌ನಲ್ಲಿ ಎರಡು ಸಲ ಕ್ಲಿಕ್ ಮಾಡಿ ತೆರೆಯುವವರೇ ಹೆಚ್ಚು. ಯುಟಿಎಫ್ 8 ಫೈಲಿನ ಆರಂಭದಲ್ಲಿ 65279ನೆಯ ಸಂಕೇತ, ಅಂದರೆ ಇದು ಯೂನಿಕೋಡ್ ಫೈಲ್ ಎಂದು ತಿಳಿಸುವ ಬಿಒಎಂ ಎಂಬ ಗುರುತು, ಇಲ್ಲದಿದ್ದರೆ ಕನ್ನಡವೆಲ್ಲ ವಿಚಿತ್ರ ಚಿಹ್ನೆಗಳಾಗಿ ಕಾಣಬಹುದು. ಪರಿವರ್ತನೆ ಸರಿಯಾಗಿದ್ದೂ ‘ನಿಮ್ಮ ಸಾಫ್ಟ್‌ವೇರ್ ಕನ್ನಡ ಕೆಡಿಸಿದೆ’ ಎಂಬ ಫೋನ್ ಬರುತ್ತದೆ.

ಹಂತ 9: ಟೆಸ್ಟ್‌ಗಳು

ವರದಿ ಬರೆಯುವ ಕೋಡನ್ನು ಪರೀಕ್ಷಿಸಲು ಪ್ರತಿ ಸಲ ನಿಜವಾದ ಫೈಲ್ ಬದಲಿಸಬೇಕಿಲ್ಲ. ಎಲ್ಲಕ್ಕೂ ಸುಮಾರಾದ ಬೆಲೆ ತುಂಬಿದ ಒಂದು ಮಾದರಿ ಬಿಲ್ಡರ್ ಇಟ್ಟುಕೊಳ್ಳಿ. ಅದರ ಮೆಥಡ್‌ಗಳು ಸರಪಳಿಯಾಗಲಿ. ಆ ಟೆಸ್ಟ್‌ಗೆ ಮುಖ್ಯವಾದದ್ದಷ್ಟೇ ಕಣ್ಣಿಗೆ ಕಾಣುತ್ತದೆ:

```
ಫ = ಮಾದರಿ().ಪ್ಯಾರಾ(12).ಟಿಪ್ಪಣಿ(ಅನಾಥ_ಅರ್ಕಾವತ್ತು, 240).ಕಟ್ಟು(0)
ಖಚಿತ  ಫ.ಸ್ಥಿತಿ == ಪರಿಶೀಲಿಸಿ
ಖಚಿತ  ವರದಿ_ಸಾಲು(ಫ) ಒಳಗೆ "ಪ್ಯಾರಾ 12" ಇದೆ
```

ಪರಿವರ್ತನೆಗೆ ಕನಿಷ್ಠ ಇಷ್ಟು ಇರಲಿ. ‘ಕರ್ನಾಟಕ’ದ ಎಂಟು ಸಂಕೇತ ಕೊಟ್ಟರೆ ಏಳು ಬರಬೇಕು, ಟಿಪ್ಪಣಿ ಒಂದೂ ಇರಬಾರದು. ಅದೇ ಎಂಟನ್ನು 240ರ ಮುಂಚೆ ಎರಡು ರನ್‌ಗಳಾಗಿ ಒಡೆದು ಕೊಟ್ಟರೂ ಅದೇ ಬರಬೇಕು. 240 ಒಂದನ್ನೇ ಕೊಟ್ಟರೆ ಸ್ಥಿತಿ ‘ಪರಿಶೀಲಿಸಿ’ ಆಗಬೇಕು. ‘ರ‍್ಯಾಂಕ್’ನಲ್ಲಿ 8205 ಉಳಿದಿರಬೇಕು, ಸ್ಥಿತಿ ‘ಪೂರ್ಣ’ವೇ ಇರಬೇಕು, ಮಾಹಿತಿಯ ಟಿಪ್ಪಣಿ ಒಂದಿರಬೇಕು. ಸಾದಾ ಪಠ್ಯದ ಫೈಲಿಗೆ ಡಾಕ್ಸ್ ಎಂದು ಹೆಸರಿಟ್ಟು ಕೊಟ್ಟರೆ ‘ವಿಫಲ’ ಆಗಬೇಕು, ಫೋಲ್ಡರ್‌ನಲ್ಲಿ ತಾತ್ಕಾಲಿಕ ಫೈಲ್ ಉಳಿದಿರಬಾರದು. ‘ಕಟ್ಟು’ ಮೆಥಡ್‌ನ ನಾಲ್ಕು ನಿಯಮಗಳಿಗೂ ಒಂದೊಂದು ಟೆಸ್ಟ್.

ಬಿಲ್ಡರ್ ಬೇಡವಾದ ಕಡೆ

ಚಿತ್ರವೊಂದನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸಿ, ದಾರಿ ಮತ್ತು ಗಾತ್ರ ಮಾತ್ರ ಹೇಳುವುದಿದ್ದರೆ ಬಿಲ್ಡರ್ ಹೊರೆ. ಪೈಥಾನ್ 3.7ರಿಂದ ಇರುವ ಡೇಟಾಕ್ಲಾಸ್‌ಗೆ ‘ಫ್ರೋಜನ್’ ಹಾಕಿ, ಹೆಸರು ಹೇಳಿ ಆರ್ಗ್ಯುಮೆಂಟ್ ಕೊಟ್ಟರೆ ಮುಗಿಯಿತು. ಕಾಟ್ಲಿನ್‌ನ ಡೇಟಾ ಕ್ಲಾಸ್‌ನಲ್ಲೂ ಅಷ್ಟೇ. ಜಾವಾ 16ರಿಂದ ಬಂದ ರೆಕಾರ್ಡ್ ಕೂಡ ಬದಲಾಗದ ಫಲಿತಾಂಶಕ್ಕೆ ಚೆನ್ನಾಗಿ ಹೊಂದುತ್ತದೆ. ಆದರೆ ಅದರಲ್ಲಿ ಹೆಸರು ಹೇಳಿ ಆರ್ಗ್ಯುಮೆಂಟ್ ಕೊಡುವ ಸೌಲಭ್ಯ ಇಲ್ಲವಾದ್ದರಿಂದ ಫೀಲ್ಡ್‌ಗಳು ಐದಾರು ದಾಟಿದರೆ ಬಿಲ್ಡರ್ ಬೇಕೆನಿಸುತ್ತದೆ. ಜಾವಾದಲ್ಲಿ ಲಾಂಬಾಕ್‌ನಂಥ ಲೈಬ್ರರಿಗಳು ಬಿಲ್ಡರನ್ನು ತಾವೇ ಬರೆದುಕೊಡುತ್ತವೆ. ಫೀಲ್ಡ್‌ಗಳನ್ನು ತುಂಬುವುದಷ್ಟೇ ಕೆಲಸವಾದರೆ ಅದು ಸಾಕು. ಟಿಪ್ಪಣಿಗಳನ್ನು ಗುಂಪು ಮಾಡುವುದು, ಸ್ಥಿತಿಯನ್ನು ತೀರ್ಮಾನಿಸುವುದು ಮಾತ್ರ ಕೈಯಾರೆ ಬರೆದ ಬಿಲ್ಡರ್‌ನ ಕೆಲಸ.

ನಿರ್ಧರಿಸಲು ಒಂದು ಪ್ರಶ್ನೆ ಸಾಕು: ಮಾಹಿತಿ ಒಂದೇ ಕ್ಷಣದಲ್ಲಿ ಕೈಗೆ ಬರುತ್ತದೆಯೋ, ಕೆಲಸ ನಡೆಯುತ್ತ ಚೂರುಚೂರಾಗಿ ಸೇರುತ್ತದೆಯೋ? ಚೂರುಚೂರಾಗಿ ಸೇರುವುದಾದರೆ ಭಾಷೆ ಯಾವುದಾದರೂ ಬಿಲ್ಡರ್ ಬರೆಯಿರಿ. ಈಗಾಗಲೇ ‘ನಿಜ’, ‘ಸುಳ್ಳು’ ಹಿಂದಿರುಗಿಸುವ ಕನ್ವರ್ಟರ್ ಕೈಯಲ್ಲಿದ್ದರೆ ಎಲ್ಲವನ್ನೂ ಒಮ್ಮೆಗೇ ಕೆಡವಬೇಡಿ. ಮೊದಲು ‘ವರದಿಗಾರ’ನನ್ನು ಮಾತ್ರ ಒಳಗೆ ಕಳಿಸಿ, ಟಿಪ್ಪಣಿಗಳು ಏನು ಬರುತ್ತವೆ ನೋಡಿ. ಆಮೇಲೆ ಗುರಿ, ದೋಷಗಳನ್ನು ಬಿಲ್ಡರ್‌ಗೆ ಸರಿಸಿ. ಹಳೆಯ ‘ನಿಜ’ ಬೇಕೆನ್ನುವ ಕೋಡ್‌ಗೆ ಸ್ಥಿತಿ ‘ವಿಫಲ’ ಅಲ್ಲವೇ ಎಂದು ಉತ್ತರಿಸುವ ಒಂದು ಪುಟ್ಟ ಫಂಕ್ಷನ್ ಇಡಿ, ಅದನ್ನು ಕರೆಯುವವರು ಯಾರೂ ಉಳಿಯದಿದ್ದಾಗ ತೆಗೆದುಹಾಕಿ.